ಕೀಲಿಕೈ ಯಾರ ಕೈಯಲ್ಲಿ? ‘ಸ್ಟಾರ್‌ಕ್ರಾಫ್ಟ್’ ಆಟದ ಉತ್ತರಭಾಗವೂ ನಮ್ಮ ಊರುಗಳೂ

ಕಬ್ಬಿನ ದರ, ನೂಲಿನ ಬೆಲೆ, ಘಟಪ್ರಭೆಯ ನೆರೆ, ಹಿನ್ನೀರಿನಲ್ಲಿ ನೆಲ ಕಳಕೊಂಡವರ ಪರಿಹಾರ, ಇವೇ ಮೊದಲಾದ ಸಂಗತಿಗಳನ್ನು ಈ ಪುಟದಲ್ಲಿ ಓದಿ ರೂಢಿಯಾದ ನಮ್ಮ ವಾಚಕ ಮಹಾಶಯರು, ಹುಡುಗರು ಗಣಕಯಂತ್ರದ ಮುಂದೆ ಕುಳಿತು ಆಡುವ ಒಂದು ಆಟದ ಬಗ್ಗೆ ನಾವಿಂದು ಲೇಖನಿಯೆತ್ತಿದುದನ್ನು ಕಂಡು ಹುಬ್ಬೇರಿಸಬಹುದು. ಪತ್ರಕ್ಕೆ ವಿಷಯ ಸಾಲದಾಯಿತೆ ಎಂದು ಕೇಳುವವರೂ ಇರಬಹುದು. ಅಂತಹವರಲ್ಲಿ ನಮ್ಮ ವಿನಂತಿ ಇಷ್ಟೆ: ಹಳೆಯ ಗುಡಿಗಳ ಕಟ್ಟೆಗೆ ಹೋಗಿ ಅಲ್ಲಿಯ ಹಾಸುಗಲ್ಲುಗಳನ್ನು ಒಮ್ಮೆ ನೋಡಿರಿ. ಆಡು-ಹುಲಿಯ ಆಟದ ಗೆರೆಗಳನ್ನು ಹಿಂದಿನವರಾರೋ ಉಳಿಯಿಂದ ಕೊರೆದಿಟ್ಟಿರುವದು ಎಷ್ಟೋ ಕಡೆಗಳಲ್ಲಿ ಕಾಣಬರುವದು. ಆ ಗೆರೆ ಕೊರೆದವನು ಯಾವ ಅರಸನ ಅಪ್ಪಣೆಯನ್ನೂ ಬೇಡಿರಲಿಕ್ಕಿಲ್ಲ. ಇಂದು ಅದರ ಮೇಲೆ ಹರಳಿಟ್ಟು ಆಡುವ ಹುಡುಗನೂ ಯಾರಿಗೂ ಕಂದಾಯ ತೆರುವದಿಲ್ಲ. ಆಟವು ಆಡುವವರ ಸೊತ್ತಾಗಿತ್ತು. ಈಗಲೂ ಅದು ಹಾಗೆಯೇ ಉಳಿದಿದೆಯೆ ಎಂಬದೇ ನಾವು ಇಂದು ವಿಚಾರಿಸಬೇಕೆಂದಿರುವ ಪ್ರಶ್ನೆ.

ಇದಕ್ಕೆ ನಾವು ಉದಾಹರಣೆಯಾಗಿ ಎತ್ತಿಕೊಂಡ ಆಟದ ಹೆಸರು ‘ಸ್ಟಾರ್‌ಕ್ರಾಫ್ಟ್’. ಅಮೇರಿಕದ ಕ್ಯಾಲಿಫೋರ್ನಿಯದಲ್ಲಿರುವ ಬ್ಲಿಝರ್ಡ್ ಎಂಬ ಕಂಪನಿಯು ಇದರ ಮೊದಲನೆಯ ಭಾಗವನ್ನು 1998ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಹೊರಡಿಸಿತು. ಕಥೆಯು ವೈಜ್ಞಾನಿಕ ಕಲ್ಪನೆಯದು. ಭೂಮಿಯಿಂದ ಗಡೀಪಾರಾದ ಕೈದಿಗಳ ಸಂತತಿಯವರು ಅತಿ ದೂರದ ನಕ್ಷತ್ರಗಳ ನಡುವೆ ನೆಲೆಯೂರಿ ‘ಟೆರನ್’ ಎನಿಸಿಕೊಂಡಿದ್ದಾರೆ. ‘ಝರ್ಗ್’ ಎಂಬದು ಹುಳುಗಳ ಹಾಗೆ ಹಿಂಡುಹಿಂಡಾಗಿ ಹುಟ್ಟಿ ಕಂಡುದೆಲ್ಲವನ್ನೂ ಮುತ್ತಿ ನುಂಗುವ ಜೀವಜಾತಿ. ‘ಪ್ರೊಟಾಸ್’ರೆಂಬವರು ಪುರಾತನರು, ಸಂಖ್ಯೆಯಲ್ಲಿ ಅಲ್ಪರು, ಮನೋಬಲದಲ್ಲಿಯೂ ಶಸ್ತ್ರವಿದ್ಯೆಯಲ್ಲಿಯೂ ಅಧಿಕರು. ಈ ಮೂವರ ಕಾದಾಟವೇ ಆಟದ ವಸ್ತು.

ಚದುರಂಗವನ್ನು ಬಲ್ಲ ನಮ್ಮ ವಾಚಕರಿಗೆ ಈ ಆಟದ ಸ್ವರೂಪವನ್ನು ತಿಳಿಸುವದು ಕಷ್ಟವಲ್ಲ. ಚದುರಂಗದಲ್ಲಿ ಒಬ್ಬನು ನಡೆಯಿಸುವ ತನಕ ಇನ್ನೊಬ್ಬನು ಕಾಯುವನು. ಮಣೆಯೆಲ್ಲವೂ ಇಬ್ಬರ ಕಣ್ಣಿಗೂ ಬಯಲಾಗಿರುವದು. ಇಲ್ಲಿ ಕಾಯುವದೆಂಬದೇ ಇಲ್ಲ. ಇಬ್ಬರೂ ಏಕಕಾಲಕ್ಕೆ ನಡೆಯಿಸುವರು, ತಡಮಾಡಿದವನು ಸೋತನು. ಇದಕ್ಕೇ ಈ ಬಗೆಯ ಆಟಗಳನ್ನು ನಿಜಕಾಲದ ರಣತಂತ್ರವೆಂದು ಕರೆಯುವರು. ಎದುರಾಳಿಯ ಪಾಳೆಯವು ಮಬ್ಬಿನಲ್ಲಿ ಮುಚ್ಚಿರುವದು. ಬೇಹುಗಾರನನ್ನು ಕಳುಹಿಸಿದ ಹೊರತು ಅಲ್ಲಿ ನಡೆದ ಸನ್ನಾಹ ತಿಳಿಯದು. ಮೇಲಾಗಿ ಸೈನ್ಯವು ಮೊದಲೇ ಸಿದ್ಧವಾಗಿ ನಿಂತಿರುವದಿಲ್ಲ. ಕೆಲಸಗಾರರನ್ನು ಹಚ್ಚಿ ಖನಿಜವನ್ನೂ ಅನಿಲವನ್ನೂ ಅಗೆದು ತೆಗೆಯಬೇಕು, ಅದರಿಂದ ಕಟ್ಟಡ ಕಟ್ಟಬೇಕು, ಕಟ್ಟಡದಿಂದ ದಂಡನ್ನು ಹೊರಡಿಸಬೇಕು. ಬೊಕ್ಕಸ ಬರಿದಾದವನಿಗೆ ದಂಡಿಲ್ಲ. ಎಲ್ಲವನ್ನೂ ಬೊಕ್ಕಸದಲ್ಲಿಯೇ ಕೂಡಿಟ್ಟವನಿಗೆ ರಕ್ಷಣೆಯಿಲ್ಲ. ಅರ್ಥನೀತಿ, ದಂಡನೀತಿಗಳೆರಡನ್ನೂ ಹತ್ತಿಪ್ಪತ್ತು ನಿಮಿಷಗಳಲ್ಲಿ ಕಲಿಸುವ ಪಾಠಶಾಲೆಯಿದು ಎಂದರೆ ಅತಿಶಯೋಕ್ತಿಯಾಗದು.

ಮೂರು ಪಕ್ಷಗಳ ಬಲಗಳೂ ಒಂದಕ್ಕೊಂದು ಹೋಲದಿದ್ದರೂ ತೂಕದಲ್ಲಿ ಸರಿಯಾಗಿ ನಿಲ್ಲುವಂತೆ ಮಾಡಿದುದೇ ಈ ಆಟದ ದೊಡ್ಡ ಕೌಶಲವೆಂದು ಬಲ್ಲವರು ಹೊಗಳುವರು. ನಮಗಿದು ತೀರ ಹೊಸತಲ್ಲ. ಆಡು-ಹುಲಿಯ ಆಟದಲ್ಲಿ ಹುಲಿಯ ನಡೆ ಬೇರೆ, ಆಡಿನ ನಡೆ ಬೇರೆ, ಸಂಖ್ಯೆಯೂ ಬೇರೆ. ಆದರೂ ಜಾಣನಾದವನು ಯಾವ ಪಕ್ಷದಿಂದಲೂ ಗೆಲ್ಲಬಲ್ಲನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ಮಣೆಯಾಟಗಳನ್ನು ಶಾಸ್ತ್ರದಂತೆ ಅಭ್ಯಸಿಸಿ, ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ಯೆಂಬ ಭಾಗವನ್ನೇ ಅವಕ್ಕೆ ಮೀಸಲಿರಿಸಿದರು. ಆಟವನ್ನು ಆದರದಿಂದ ಕಾಣುವದು ಕನ್ನಡ ನಾಡಿಗೆ ಹೊರಗಿನಿಂದ ಬಂದ ಚಾಳಿಯಲ್ಲ.

ಮೊದಲನೆಯ ಸ್ಟಾರ್‌ಕ್ರಾಫ್ಟಿಗೆ ಅದರ ತಾಯ್ನಾಡಿಗಿಂತಲೂ ಹೆಚ್ಚಿನ ಮರ್ಯಾದೆ ದೊರೆತುದು ದಕ್ಷಿಣ ಕೊರಿಯದಲ್ಲಿ. 1997ರ ಆರ್ಥಿಕ ವಿಪತ್ತಿನ ಬಳಿಕ ಆ ದೇಶದ ಬೀದಿಬೀದಿಗಳಲ್ಲಿ ‘ಪಿಸಿ ಬಾಂಗ್’ ಎಂಬ ಗಣಕಯಂತ್ರದ ಕೋಣೆಗಳು ಎದ್ದವು. ಅಲ್ಲಿ ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ತರುಣರು ಒಬ್ಬರ ಪಕ್ಕಕ್ಕೊಬ್ಬರು ಕುಳಿತು ಈ ಆಟವನ್ನಾಡಿದರು. ನೋಡನೋಡುತ್ತ ಪಂದ್ಯಗಳಾದವು, ತಂಡಗಳಾದವು, ಪಂದ್ಯ ತೋರಿಸುವದಕ್ಕೆಂದೇ ದೂರದರ್ಶನದ ವಾಹಿನಿಗಳಾದವು. 2007ರಲ್ಲಿ ಆ ದೇಶದ ವಾಯುಸೇನೆಯು ಸಹ ತನ್ನದೊಂದು ತಂಡವನ್ನು ಕಟ್ಟಿತು. ಮೊದಲನೆಯ ಭಾಗವು ಲೋಕದಲ್ಲಿ 90 ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಯಿತು; ಅದರಲ್ಲಿ ಬಹುದೊಡ್ಡ ಪಾಲು ಕೊರಿಯದ್ದೇ. ಆದುದರಿಂದಲೇ ಎರಡನೆಯ ಭಾಗದ ಸುದ್ದಿಯನ್ನು ಕಂಪನಿಯು 2007ರ ಮೇ ತಿಂಗಳಲ್ಲಿ ಅಮೇರಿಕದಲ್ಲಿ ಸಾರದೆ ಕೊರಿಯದ ರಾಜಧಾನಿಯಾದ ಸಿಯೋಲ್ ನಗರದಲ್ಲಿ ಸಾರಿತು.

ಆ ಉತ್ತರಭಾಗವು 2010ನೆಯ ಇಸವಿಯ ಜುಲೈ 27ನೆಯ ತಾರೀಖಿನಂದು ಹೊರಬಿದ್ದಿತು. ಹನ್ನೆರಡು ವರ್ಷ ಕಾದಿದ್ದ ಜನವು ಅಂಗಡಿಗಳಿಗೆ ಮುಗಿಬಿದ್ದಿತು. ನಾಲ್ವತ್ತೆಂಟು ಗಂಟೆಗಳೊಳಗೆ 15 ಲಕ್ಷ ಪ್ರತಿಗಳು ಮಾರಿದವೆಂದು ಕಂಪನಿಯು ಸಾರಿತು. ಕಥೆಯನ್ನು ಒಮ್ಮೆಲೆ ಹೇಳಿ ಮುಗಿಸದೆ ಮೂರು ಖಂಡಗಳನ್ನಾಗಿ ಒಡೆದು, ಎರಡನೆಯ ಖಂಡವನ್ನು 2013ರಲ್ಲಿಯೂ ಮೂರನೆಯದನ್ನು 2015ರಲ್ಲಿಯೂ ಬೇರೆಬೇರೆಯಾಗಿ ಮಾರಿದುದು ಹಣದಾಸೆಯೆಂದು ಕೆಲವರು ಜರೆದರು. ಆದರೆ ಆಟದ ಗುಣದ ಬಗ್ಗೆ ವಿಮರ್ಶಕರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿರಲಿಲ್ಲ. ಹಲವು ಪತ್ರಿಕೆಗಳ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬಲ್ಲಿ ಮೊದಲ ಖಂಡಕ್ಕೆ ನೂರರಲ್ಲಿ 93 ಅಂಕಗಳು ಬಂದವು.

ಉತ್ತರಭಾಗವೊಂದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಇದನ್ನು ನಾವು ಅಮೇರಿಕಕ್ಕೆ ಹೋಗಿ ಕೇಳಬೇಕಾದುದಿಲ್ಲ. ನಮ್ಮ ಮುಧೋಳದಲ್ಲಿಯೇ ಉತ್ತರವಿದೆ. ಹತ್ತನೆಯ ಶತಮಾನದಲ್ಲಿ ಈ ಮಣ್ಣಿನಲ್ಲಿ ಹುಟ್ಟಿ, ಬಳೆಗಾರರ ಮನೆಯಿಂದ ಹೊರಟು ಕವಿಚಕ್ರವರ್ತಿಯೆನಿಸಿದ ರನ್ನನು ‘ಗದಾಯುದ್ಧ’ವನ್ನು ಬರೆದಾಗ, ಭಾರತದ ಕಥೆಯೆಲ್ಲವೂ ಆಗಲೇ ಮುಗಿಯುತ್ತ ಬಂದ ಕಾಲವನ್ನು ಆರಿಸಿಕೊಂಡನು. ಉಳಿದುದು ಭೀಮ-ದುರ್ಯೋಧನರ ಒಂದು ಕಾಳಗ ಮಾತ್ರ. ಆದರೂ ಮುಂದೆ ನಡೆಯುವ ಸಿಂಹವು ನಿಂತು ಹಿಂದಿರುಗಿ ನೋಡುವಂತೆ, ಹಿಂದಿನ ಕಥೆಯೆಲ್ಲವನ್ನೂ ಆ ಒಂದು ಕಾಳಗದೊಳಗೆ ಆತನು ತುಂಬಿದನು. ಸಿಂಹಾವಲೋಕನವೆಂದರೆ ಇದು. ಹಿಂದಿನದನ್ನು ಮರೆಯದೆ ಮುಂದುವರಿಯುವದೇ ಉತ್ತರಭಾಗದ ಧರ್ಮ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಎರಡನೆಯ ಸ್ಟಾರ್‌ಕ್ರಾಫ್ಟು ಕಥೆಯಲ್ಲಿಯೂ ಕಾಳಗದ ಕಟ್ಟಿನಲ್ಲಿಯೂ ಹಿಂದಿನದನ್ನು ಮರೆಯಲಿಲ್ಲ. ಆದರೆ ಮೊದಲನೆಯ ಭಾಗವನ್ನು ಬೆಳೆಸಿದ ಒಂದು ಮುಖ್ಯ ಸಂಗತಿಯನ್ನೇ ಅದು ಬಾಗಿಲ ಹೊರಗೆ ನಿಲ್ಲಿಸಿ ಬಂದಿತು. ನಮ್ಮ ತಕರಾರು ಇರುವದು ಇಲ್ಲಿ.

ಒಂದೇ ಕೋಣೆಯಲ್ಲಿರುವ ಗಣಕಯಂತ್ರಗಳನ್ನು ಒಂದಕ್ಕೊಂದು ತಂತಿಯಿಂದ ಜೋಡಿಸಿ ಆಡುವ ಏರ್ಪಾಡಿಗೆ ‘ಲ್ಯಾನ್’ ಎಂದು ಹೆಸರು. ಹೊರಗಿನ ಇಂಟರ್‌ನೆಟ್ ಇದಕ್ಕೆ ಬೇಕಿಲ್ಲ. ಊರಿನ ತಂತಿಯು ಊರಿನಲ್ಲಿಯೇ ಸುತ್ತುವದು; ಪಕ್ಕದವನ ಸಂಗಡ ಆಡುವದಕ್ಕೆ ಪಕ್ಕದವನ ಒಪ್ಪಿಗೆ ಸಾಕು. ಮೊದಲನೆಯ ಭಾಗದಲ್ಲಿ ಈ ಅನುಕೂಲವಿತ್ತು. ಎರಡನೆಯದರಲ್ಲಿ ಇದು ಇರುವದಿಲ್ಲವೆಂದು 2009ರಲ್ಲಿ ಗೊತ್ತಾಯಿತು. ಒಬ್ಬನೇ ಕುಳಿತು ಕಥೆಯ ಭಾಗವನ್ನು ಆಡುವದಕ್ಕೆ ಸ್ವಲ್ಪ ಸಡಿಲಿಕೆಯಿದ್ದರೂ, ಇಬ್ಬರು ಎದುರುಬದರಾಗಿ ಆಡಬೇಕಾದರೆ ‘ಬ್ಯಾಟಲ್‌ನೆಟ್’ ಎಂಬ ಕಂಪನಿಯ ಸರ್ವರಿನ ಮುಖಾಂತರವೇ ಆಡಬೇಕೆಂಬ ಕಟ್ಟಳೆಯಾಯಿತು. ಒಂದು ಮೊಳ ದೂರದಲ್ಲಿ ಕುಳಿತ ಗೆಳೆಯನ ಬಳಿಗೆ ನಮ್ಮ ದಂಡು ಹೋಗಬೇಕಾದರೂ ಅದು ಮೊದಲು ಸಮುದ್ರದಾಚೆಯ ಒಡೆಯನ ಬಾಗಿಲಿಗೆ ಹೋಗಿ ಜುಹಾರು ಮಾಡಿ ಬರಬೇಕು! ಲಕ್ಷಕ್ಕೂ ಮಿಕ್ಕಿದ ಆಟಗಾರರು ರುಜು ಹಾಕಿ ಮನವಿಯನ್ನರ್ಪಿಸಿದರು. ಕಂಪನಿಯ ಮನಸ್ಸು ಕರಗಲಿಲ್ಲ.

2010ರ ಸುಮಾರಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂತಹ ಊರುಗಳ ಸ್ಥಿತಿಯನ್ನು ನೆನೆಯಿರಿ. ಪೇಠೆಯ ಮಾಳಿಗೆಯ ಮೇಲೆ ನಾಲ್ಕಾರು ಯಂತ್ರಗಳ ಸೈಬರ್ ಕೆಫೆ. ಬಂದು ಹೋಗುವ ವಿದ್ಯುತ್ತು. ಟೆಲಿಫೋನ್ ತಂತಿಯ ಮೇಲೆ ತೆವಳುತ್ತ ಬರುವ ಇಂಟರ್‌ನೆಟ್. ಅಲ್ಲಿ ಲ್ಯಾನ್ ತಂತಿಯೊಂದೇ ನಂಬಿಗೆಯ ವಸ್ತು. ಈ ಆಟವು ನಮ್ಮ ಸೀಮೆಯಲ್ಲಿ ಮನೆಮಾತಾಗಿತ್ತೆಂದು ನಾವು ಹೇಳುವದಿಲ್ಲ. ಆದರೆ ಲೋಕವೆಲ್ಲವೂ ಕೊಂಡಾಡಿದ ವಸ್ತುವೊಂದು ಸಣ್ಣ ಊರುಗಳ ಬಾಗಿಲನ್ನು ತಾನಾಗಿಯೇ ಮುಚ್ಚಿಕೊಂಡು ಬಂದಿತೆಂಬದು ಸತ್ಯ. ವೇಗದ ಜಾಲವುಳ್ಳ ನಗರದವನಿಗೆ ಇದು ಕಿರಿಕಿರಿ ಮಾತ್ರ; ಊರಿನವನಿಗೆ ಇದು ನಿಷೇಧವೇ ಸರಿ.

ಇಂದು ಹಳ್ಳಿಯ ಹುಡುಗನ ಕಿಸೆಯಲ್ಲಿಯೂ ವೇಗದ ಇಂಟರ್‌ನೆಟ್ ಇರುವಾಗ ಈ ಹಳೆಯ ದೂರು ಏತಕ್ಕೆಂದು ಕೆಲವರು ಕೇಳಬಹುದು. ಪ್ರಶ್ನೆಯು ವೇಗದ್ದಲ್ಲ, ಒಡೆತನದ್ದು. ರಬಕವಿ-ಬನಹಟ್ಟಿಯ ನೇಕಾರನು ಸಾಲ ಮಾಡಿ ಒಂದು ಮಗ್ಗವನ್ನು ಕೊಳ್ಳುವನೆಂದಿಟ್ಟುಕೊಳ್ಳಿರಿ. ಹಣ ಸಂದಾಯವಾದ ದಿವಸವೇ ಮಗ್ಗವು ಅವನದಾಯಿತು. ಸೀರೆಯನ್ನಾದರೂ ನೇಯಲಿ, ಪಂಚೆಯನ್ನಾದರೂ ನೇಯಲಿ. ಮುರಿದರೆ ತಾನೇ ರಿಪೇರಿ ಮಾಡಲಿ. ಬೇಡವಾದರೆ ತಮ್ಮನಿಗೆ ಕೊಡಲಿ. ಅದರ ಬದಲು ಮಗ್ಗ ಮಾರಿದವನು, ‘ನಿತ್ಯ ಬೆಳಿಗ್ಗೆ ನಾನು ಬೀಗ ತೆಗೆದ ಹೊರತು ಲಾಳಿ ಓಡಕೂಡದು, ನಾನು ಅಂಗಡಿ ಮುಚ್ಚಿದ ದಿವಸ ನಿನ್ನ ಮಗ್ಗವೂ ನಿಲ್ಲತಕ್ಕದ್ದು’ ಎಂದು ಕರಾರು ಬರೆಯಿಸಿಕೊಂಡರೆ ನೇಕಾರರ ಓಣಿ ಸುಮ್ಮನಿದ್ದೀತೆ? ಗಣಕಯಂತ್ರದ ಆಟಗಳಲ್ಲಿ ಇಂದು ನಡೆದಿರುವದು ಇಂತಹದೇ ಕರಾರು. ಹಣ ಕೊಟ್ಟವನು ತಾನು ಕೊಂಡೆನೆಂದು ತಿಳಿಯುತ್ತಾನೆ. ಕಾಗದದಲ್ಲಿ ಬರೆದಿರುವದು ಆಡುವ ಪರವಾನಿಗೆ ಮಾತ್ರ.

ಪರವಾನಿಗೆಯ ಮೇಲೆ ಬದುಕುವದೆಂದರೇನೆಂಬದನ್ನು ನಮ್ಮ ಸೀಮೆಯ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಂದು ದಿವಸದ ಎತ್ತಿನ ಬಂಡಿಯ ದಾರಿಯೊಳಗೆ ನಾಲ್ಕು ಒಡೆತನಗಳಿದ್ದ ನೆಲವಿದು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿಯು ಸಾಂಗಲಿಯ ಕೈಕೆಳಗೆ, ಬೀಳಗಿಯು ಆಂಗ್ಲರ ಬಿಜಾಪುರ ಜಿಲ್ಲೆಯೊಳಗೆ. ಅರಸರಲ್ಲಿ ಕೆಲವರು ಒಳ್ಳೆಯವರಿದ್ದರು. ಶಾಲೆ ಕಟ್ಟಿಸಿದರು, ಕೆರೆ ತೋಡಿಸಿದರು. ಆದರೂ ಒಳ್ಳೆಯ ಅರಸನು ಕೊಟ್ಟ ಅನುಕೂಲಕ್ಕೂ ಪ್ರಜೆಗೆ ಸಲ್ಲುವ ಹಕ್ಕಿಗೂ ಇರುವ ಅಂತರವನ್ನು ಸಂಸ್ಥಾನಗಳ ಪ್ರಜಾಪರಿಷತ್ತುಗಳು ಚೆನ್ನಾಗಿ ಅರಿತಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾದುದು ಅರಸರು ಕೆಟ್ಟವರೆಂಬ ಕಾರಣಕ್ಕಾಗಿ ಮಾತ್ರವಲ್ಲ. ಕೊಟ್ಟುದನ್ನು ಕಸಿದುಕೊಳ್ಳುವ ಅಧಿಕಾರವು ಒಬ್ಬನ ಕೈಯಲ್ಲಿರಕೂಡದೆಂಬ ಕಾರಣಕ್ಕಾಗಿ. ಬ್ಲಿಝರ್ಡ್ ಕಂಪನಿಯು 2017ರ ನವೆಂಬರಿನಲ್ಲಿ ಎರಡನೆಯ ಸ್ಟಾರ್‌ಕ್ರಾಫ್ಟಿನ ಬಹುಭಾಗವನ್ನು ಎಲ್ಲರಿಗೂ ಉಚಿತವೆಂದು ಸಾರಿತು. ಔದಾರ್ಯವೇ ಹೌದು. ಆದರೆ ಉಚಿತವೆಂಬುದೂ ನಮ್ಮದೆಂಬುದೂ ಒಂದೇ ಅಲ್ಲ.

ಕಂಪನಿಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿವೆ. ಅವನ್ನು ಮುಚ್ಚಿಡುವದು ನ್ಯಾಯವಲ್ಲ. ಲ್ಯಾನ್ ಇದ್ದಲ್ಲಿ ಕಳ್ಳಪ್ರತಿಗಳ ಹಾವಳಿಯೂ ಇರುವದು. ಒಂದು ಪ್ರತಿ ಕೊಂಡು ಹತ್ತು ಯಂತ್ರಗಳಲ್ಲಿ ಆಡುವ ರೂಢಿಯು ನಮ್ಮ ಕೆಫೆಗಳಿಗೂ ಅಪರಿಚಿತವಾಗಿರಲಿಲ್ಲ. ಕೇಂದ್ರದ ಸರ್ವರು ಇದ್ದುದರಿಂದ ಸರಿಸಮಾನ ಬಲದ ಎದುರಾಳಿಯು ಕ್ಷಣಮಾತ್ರದಲ್ಲಿ ದೊರೆಯುವನು. ಮೂರು ಪಕ್ಷಗಳ ತೂಕದಲ್ಲಿ ಹೆಚ್ಚುಕಡಿಮೆಯಾದರೆ ಕೂಡಲೆ ತಿದ್ದಬಹುದು. ನಡುವೆ ಜಾಲ ಕಡಿದು ಪಂದ್ಯ ಕೆಟ್ಟರೆ, ನಿಂತ ಸ್ಥಳದಿಂದಲೇ ಮತ್ತೆ ಆರಂಭಿಸುವ ಉಪಾಯವನ್ನು ಎರಡನೆಯ ಖಂಡದಲ್ಲಿ ಕಂಪನಿಯು ಒದಗಿಸಿತು. ಇವೆಲ್ಲವೂ ನಿಜ. ಆದರೆ ಕಳ್ಳರ ಭಯದಿಂದ ಸಾಹುಕಾರನು ತನ್ನ ಮನೆಗೆ ಬೀಗ ಹಾಕಲಿ. ಕೊಂಡವನ ಮನೆಗೆ ಬೀಗ ಹಾಕಿ ಕೀಲಿಕೈಯನ್ನು ತಾನೇ ಒಯ್ಯುವದು ಯಾವ ನ್ಯಾಯ?

ಒಯ್ದ ಕೀಲಿಕೈ ಏನು ಮಾಡಬಲ್ಲದೆಂಬದನ್ನು 2023ರಲ್ಲಿ ಚೀನದ ಆಟಗಾರರು ಕಂಡರು. ಆ ದೇಶದಲ್ಲಿ ಬ್ಲಿಝರ್ಡ್ ಆಟಗಳನ್ನು ನಡೆಯಿಸುತ್ತಿದ್ದುದು ನೆಟ್‌ಈಸ್ ಎಂಬ ಚೀನದ ಕಂಪನಿ. ಇಬ್ಬರ ನಡುವಿನ ಒಪ್ಪಂದವು ಮುಗಿಯಿತು, ಹೊಸದಕ್ಕೆ ಹೊಂದಿಕೆಯಾಗಲಿಲ್ಲ. ಜನವರಿ 23ರ ರಾತ್ರಿಯ ಬಳಿಕ ಸ್ಟಾರ್‌ಕ್ರಾಫ್ಟ್ ಮೊದಲ್ಗೊಂಡು ಹಲವು ಆಟಗಳು ಅಲ್ಲಿ ನಿಂತುಹೋದವು. ಆಟಗಾರರು ತಪ್ಪು ಮಾಡಿದ್ದಿಲ್ಲ, ಸರಕಾರವು ನಿಷೇಧಿಸಿದ್ದೂ ಅಲ್ಲ. ಇಬ್ಬರು ವರ್ತಕರು ಮುನಿಸಿಕೊಂಡರು, ಅಷ್ಟೆ. ಆ ವರ್ಷದ ಅಕ್ಟೋಬರಿನಲ್ಲಿ ಬ್ಲಿಝರ್ಡ್ ಕಂಪನಿಯೇ ಮೈಕ್ರೋಸಾಫ್ಟ್ ಕಂಪನಿಯ ಕೈಸೇರಿತು. 2024ರ ಏಪ್ರಿಲಿನಲ್ಲಿ ಹೊಸ ಒಪ್ಪಂದವಾಗಿ ಆಟಗಳು ಅಲ್ಲಿಗೆ ಮರಳತೊಡಗಿದವು. ಹಾಸುಗಲ್ಲಿನ ಮೇಲಿನ ಆಡು-ಹುಲಿಯನ್ನು ಹೀಗೆ ಯಾರಾದರೂ ರಾತ್ರೋರಾತ್ರಿ ಅಳಿಸಿಹಾಕಬಲ್ಲರೆ?

ಲೋಕದ ಜನವು ಇದರ ವಿರುದ್ಧ ಎಚ್ಚತ್ತಿರುವದು ಸಮಾಧಾನದ ಸಂಗತಿ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯು 2024ರ ಮಾರ್ಚ್ 31ರಂದು ‘ದಿ ಕ್ರೂ’ ಎಂಬ ಆಟದ ಸರ್ವರನ್ನು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರ ಕೈಯಲ್ಲಿ ಏನೂ ಉಳಿಯಲಿಲ್ಲ. ‘ಆಟಗಳನ್ನು ಕೊಲ್ಲಬೇಡಿರಿ’ ಎಂಬ ಚಳುವಳಿಯು ಆಗ ಹುಟ್ಟಿತು. ಐರೋಪ್ಯ ಒಕ್ಕೂಟಕ್ಕೆ ಅರ್ಪಿಸುವ ಅದರ ಮನವಿಗೆ 2025ರ ಜುಲೈ ತಿಂಗಳಲ್ಲಿ ರುಜುಗಳ ಸಂಖ್ಯೆಯು 10 ಲಕ್ಷವನ್ನು ದಾಟಿತು. ಬ್ಲಿಝರ್ಡ್ ಕಂಪನಿಯ ತವರಾದ ಕ್ಯಾಲಿಫೋರ್ನಿಯವು ಸಹ, ಪರವಾನಿಗೆ ಮಾರುವವನು ‘ಇದು ಪರವಾನಿಗೆ ಮಾತ್ರ’ವೆಂದು ಸ್ಪಷ್ಟವಾಗಿ ಹೇಳಲೇಬೇಕೆಂದು 2024ರಲ್ಲಿ ಕಾನೂನು ಮಾಡಿತು. ನಮ್ಮ ದೇಶದ ಗ್ರಾಹಕರ ಪರವಾಗಿ ಇಂತಹ ಮಾತನ್ನೆತ್ತುವವರು ಯಾರು?

ಇನ್ನು ಭಾಷೆಯ ಮಾತು. ಎರಡನೆಯ ಭಾಗವನ್ನು ಕಂಪನಿಯು ಕೊರಿಯದವರಿಗಾಗಿ ಕೊರಿಯದ ಭಾಷೆಯಲ್ಲಿಯೇ ಸಂಪೂರ್ಣವಾಗಿ ಸಿದ್ಧಗೊಳಿಸಿತು. ಮೊದಲನೆಯ ಭಾಗದಲ್ಲಿ ಕೊರಿಯದ ಹುಡುಗರು ಸೈನಿಕನನ್ನು ‘ಮರೀನ್’ ಎಂದೇ ಕರೆಯುತ್ತಿದ್ದರು. ಎರಡನೆಯದರಲ್ಲಿ ಅವನಿಗೆ ಅವರ ನುಡಿಯದೇ ಹೆಸರು ಬಂದಿತು. ರೂಢಿ ತಪ್ಪಿತೆಂದು ಮೊದಮೊದಲು ಗೊಣಗಿದವರಿದ್ದರೂ ಹೆಸರು ನಿಂತಿತು. ಜರ್ಮನ್, ಫ್ರೆಂಚ್, ರಷ್ಯನ್, ಪೋಲಿಷ್ ಭಾಷೆಗಳಿಗೂ ಆ ಗೌರವ ದೊರೆಯಿತು. ಕನ್ನಡ ಹಾಗಿರಲಿ, ಭಾರತದ ಯಾವ ಭಾಷೆಗೂ ದೊರೆಯಲಿಲ್ಲ. ದೋಷವನ್ನು ಕಂಪನಿಯ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳಲಾಗದು. ಕೊರಿಯದವರು ತಮ್ಮ ಭಾಷೆಯಲ್ಲಿ ಕೇಳಿದರು, ತಮ್ಮ ಭಾಷೆಯಲ್ಲಿ ಕೊಂಡರು. ನಾವು ಕೇಳಲೇ ಇಲ್ಲ.

ಇಷ್ಟು ಬರೆದುದನ್ನು ಓದಿ, ‘ಪತ್ರದವರು ಹುಡುಗರನ್ನು ಜೂಜಿಗೆ ಹಚ್ಚುತ್ತಿದ್ದಾರೆ’ ಎಂದು ಸಿಟ್ಟಾಗುವ ತಂದೆಗಳಿರಬಹುದು. ಅವರ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಮೊಬೈಲಿನ ರಮ್ಮಿ ಮೊದಲಾದ ಹಣದಾಟಗಳಲ್ಲಿ ಮನೆಗಳು ಹಾಳಾದ ಸುದ್ದಿಯನ್ನು ನಾಡಿನ ಪತ್ರಗಳು ಎಷ್ಟೋ ಸಲ ಅಚ್ಚು ಹಾಕಿವೆ. ಕರ್ನಾಟಕ ಸರಕಾರವು 2021ರಲ್ಲಿ ಇಂತಹ ಆಟಗಳನ್ನು ನಿಷೇಧಿಸಿ ಕಾನೂನು ಮಾಡಿದಾಗ, ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಚೀಲದಲ್ಲಿ ತುಂಬಲಾಗದೆಂದು ಉಚ್ಚ ನ್ಯಾಯಾಲಯವು 2022ರ ಫೆಬ್ರುವರಿಯಲ್ಲಿ ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಬಳಿಕ 2025ರ ಆಗಸ್ಟಿನಲ್ಲಿ ಸಂಸತ್ತು ಬೇರೊಂದು ಗೆರೆಯನ್ನೆಳೆಯಿತು: ಹಣ ಒಡ್ಡಿ ಆಡುವ ಅಂತರಜಾಲದ ಆಟಗಳಿಗೆ ನಿಷೇಧ, ವಿದ್ಯುನ್ಮಾನ ಕ್ರೀಡೆಗೆ ಮನ್ನಣೆ. ನಮ್ಮ ದೃಷ್ಟಿಯಲ್ಲಿ ಈ ಗೆರೆಯು ಯೋಗ್ಯವಾದುದು. ಹಣವು ಹೊಕ್ಕಲ್ಲಿ ಉತ್ತಮ ಆಟವೂ ಕೊಳೆಯುವದು. ಕೊರಿಯದಲ್ಲಿಯೇ 2010ರಲ್ಲಿ ಮೊದಲನೆಯ ಸ್ಟಾರ್‌ಕ್ರಾಫ್ಟಿನ, 2015ರಲ್ಲಿ ಎರಡನೆಯದರ ಪಂದ್ಯಗಳನ್ನು ಬಾಜಿಯವರಿಗೆ ಮಾರಿಕೊಂಡ ಹೆಸರಾಂತ ಆಟಗಾರರು ಸಿಕ್ಕಿಬಿದ್ದು ಆಟದಿಂದಲೇ ಬಹಿಷ್ಕೃತರಾದರು.

ಆದರೆ ಜೂಜಿನ ಮೇಲಿನ ಸಿಟ್ಟನ್ನು ಬುದ್ಧಿಯ ಆಟದ ಮೇಲೆ ತೀರಿಸಿಕೊಳ್ಳುವದು ಉಚಿತವಲ್ಲ. ಎರಡನೆಯ ಸ್ಟಾರ್‌ಕ್ರಾಫ್ಟು ಎಷ್ಟು ಬುದ್ಧಿಯನ್ನು ಬೇಡುವದೆಂಬದಕ್ಕೆ ಒಂದೇ ನಿದರ್ಶನ ಸಾಕು. ಚದುರಂಗವನ್ನೂ ಚೀನದ ‘ಗೋ’ ಆಟವನ್ನೂ ಯಂತ್ರಗಳು ಗೆದ್ದ ಮೇಲೆ, ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆಯ ವಿಜ್ಞಾನಿಗಳು ತಮ್ಮ ಕೃತಕ ಬುದ್ಧಿಯನ್ನು ಒರೆಗೆ ಹಚ್ಚಲು ಆರಿಸಿಕೊಂಡುದು ಇದೇ ಆಟವನ್ನು. ‘ಆಲ್ಫಾಸ್ಟಾರ್’ ಎಂಬ ಆ ಯಂತ್ರಬುದ್ಧಿಯು ಶ್ರೇಣಿಯಲ್ಲಿದ್ದ ಆಟಗಾರರ ಪೈಕಿ ನೂರಕ್ಕೆ 99.8ರಷ್ಟು ಜನರಿಗಿಂತ ಮೇಲಿನ ಮಟ್ಟವನ್ನು ಮುಟ್ಟಿದ ಸಂಗತಿಯು 2019ರ ಅಕ್ಟೋಬರಿನಲ್ಲಿ ‘ನೇಚರ್’ ಎಂಬ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾಯಿತು. ವಿಜ್ಞಾನಿಗಳು ಸಾಣೆಕಲ್ಲಾಗಿ ಬಳಸುವ ವಸ್ತುವನ್ನು ಪೋರರ ಕಾಲಹರಣವೆಂದು ತಳ್ಳಿಹಾಕುವದು ನಮ್ಮ ಅಜ್ಞಾನವನ್ನು ಮಾತ್ರ ತೋರಿಸೀತು.

ಹಾಗಾದರೆ ಮಾಡತಕ್ಕುದೇನು? ‘ಸ್ವದೇಶಿ ಆಟ ಕಟ್ಟಿರಿ’ ಎಂದು ಕೂಗುವದು ಸುಲಭ. ಆ ಕೂಗಿನಿಂದಲೇ ಆಟವು ಹುಟ್ಟುವದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಎಂಬ ಆಟವು ನಮ್ಮ ದೇಶದಲ್ಲಿ ನಿಷೇಧವಾದಾಗ, ಬೆಂಗಳೂರಿನ ಎನ್‌ಕೋರ್ ಕಂಪನಿಯು ‘ಫೌಜಿ’ ಎಂಬ ಆಟವನ್ನು ಪ್ರಕಟಿಸಿ, 2021ರ ಗಣರಾಜ್ಯೋತ್ಸವದ ದಿವಸ ಹೊರತಂದಿತು. ದೇಶಾಭಿಮಾನದ ಡಂಗುರವು ಜೋರಾಗಿತ್ತು. ಆಡಿ ನೋಡಿದವರಲ್ಲಿ ನಿರಾಶೆಪಟ್ಟವರೇ ಬಹಳ. ನಾವು ರಾಷ್ಟ್ರೀಯ ಪಕ್ಷದ ಪತ್ರದವರು. ಆದುದರಿಂದಲೇ ಇದನ್ನು ಹೇಳುವ ಕರ್ತವ್ಯವು ನಮ್ಮ ಮೇಲಿದೆ. ಖಾದಿಯು ಖಾದಿಯೆಂಬ ಕಾರಣಕ್ಕೆ ಒಂದು ಸಲ ಮಾರೀತು. ಎರಡನೆಯ ಸಲ ಮಾರಬೇಕಾದರೆ ನೂಲು ಗಟ್ಟಿಯಿರಬೇಕು.

ಗಟ್ಟಿ ನೂಲನ್ನು ನೂಲಬಲ್ಲ ಕೈಗಳು ನಮ್ಮಲ್ಲಿಲ್ಲವೆಂದಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಧ್ರುವ ಇಂಟರ್ಯಾಕ್ಟಿವ್’ ಸಂಸ್ಥೆಯ ಕಲಾವಿದರು ಪರದೇಶದ ಎಷ್ಟೋ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟರು. ಆ ಸಂಸ್ಥೆಯನ್ನು 2019ರಲ್ಲಿ ಅಮೇರಿಕದ ರಾಕ್‌ಸ್ಟಾರ್ ಕಂಪನಿಯು ಕೊಂಡಿತು. ಅಂದರೆ ನೇಯ್ಗೆ ನಮ್ಮದು, ಸೀರೆಯ ಮೇಲಿನ ಮುದ್ರೆ ಪರರದು. ಇದು ರಬಕವಿಯ ನೇಕಾರನಿಗೆ ಬಿಡಿಸಿ ಹೇಳಬೇಕಾದ ಮಾತೇ ಅಲ್ಲ.

ನಮ್ಮ ಸಲಹೆಯು ಸಣ್ಣದು, ಆದರೆ ನಾಳೆಯೇ ಕೈಕೊಳ್ಳಬಹುದಾದುದು. ಕೀಲಿಕೈಯನ್ನು ಯಾರೂ ಒಯ್ಯದ ರಣತಂತ್ರದ ಆಟಗಳೂ ಲೋಕದಲ್ಲಿವೆ. ಇಂಗ್ಲಂಡದಲ್ಲಿ 1999ರಲ್ಲಿ ತಯಾರಾದ ‘ವಾರ್‌ಝೋನ್ 2100’ ಎಂಬದು ಸ್ಟಾರ್‌ಕ್ರಾಫ್ಟಿನಂತೆಯೇ ಭವಿಷ್ಯಕಾಲದ ಕಾಳಗದ ಆಟ. ಅದರ ಮೂಲಬರಹವನ್ನು 2004ರಲ್ಲಿ ಲೋಕಕ್ಕೆಲ್ಲ ಬಿಟ್ಟುಕೊಡಲಾಯಿತು. ಅಂದಿನಿಂದ ಸ್ವಯಂಸೇವಕರೇ ಅದನ್ನು ನಡೆಯಿಸಿಕೊಂಡು ಬಂದಿರುವರು. ‘0 ಎ.ಡಿ.’ ಎಂಬ ಇನ್ನೊಂದು ಮುಕ್ತ ಆಟವು ಪ್ರಾಚೀನ ಕಾಲದ್ದು. ಗ್ರೀಕರು, ರೋಮನರು, ಪಾರಸಿಕರೊಡನೆ ನಮ್ಮ ಮೌರ್ಯರೂ ಅದರಲ್ಲಿ ಒಂದು ಪಕ್ಷವಾಗಿ ಆನೆಗಳೊಡನೆ ಕಾದುವರು. ಇವೆರಡನ್ನೂ ಒಂದು ಪೈಯನ್ನೂ ಕೊಡದೆ ಪಡೆಯಬಹುದು. ಲ್ಯಾನ್ ತಂತಿಯ ಮೇಲೆ ಆಡಬಹುದು. ಬಿಚ್ಚಿ ನೋಡಬಹುದು, ತಿದ್ದಬಹುದು, ಬಲ್ಲವರು ಕನ್ನಡಕ್ಕೆ ತಿರುಗಿಸಬಹುದು. ಬ್ಲಿಝರ್ಡ್ ಕೊಡದ ಕನ್ನಡವನ್ನು ಇಲ್ಲಿ ನಾವೇ ಕೊಟ್ಟುಕೊಳ್ಳಬಹುದು. ಬೇಡವೆನ್ನುವವರು ಯಾರೂ ಇಲ್ಲ.

ಬಾಗಲಕೋಟೆಯ ಬಸವೇಶ್ವರ ಇಂಜನಿಯರಿಂಗ್ ಕಾಲೇಜು 1963ರಿಂದ ಈ ಸೀಮೆಯ ಮಕ್ಕಳನ್ನು ತಯಾರು ಮಾಡುತ್ತಲಿದೆ. ಜಮಖಂಡಿ, ಮುಧೋಳಗಳಲ್ಲಿಯೂ ಕಾಲೇಜುಗಳಿವೆ, ಅವುಗಳಲ್ಲಿ ಗಣಕಯಂತ್ರದ ಕೋಣೆಗಳಿವೆ. ರಜೆಯ ದಿನಗಳಲ್ಲಿ ಆ ಕೋಣೆಗಳ ಬೀಗ ತೆಗೆಯಲಿ. ಶುಲ್ಕವಿಲ್ಲದ, ಬಾಜಿಯಿಲ್ಲದ, ಗುರುಗಳ ಕಣ್ಣೆದುರಿನ ಪಂದ್ಯಗಳು ನಾಲ್ಕೂ ಊರುಗಳ ನಡುವೆ ನಡೆಯಲಿ. ಕನ್ನಡದ ಅಧ್ಯಾಪಕರೂ ಗಣಕವಿಜ್ಞಾನದ ವಿದ್ಯಾರ್ಥಿಗಳೂ ಕೂಡಿ ಒಂದು ಆಟವನ್ನು ಕನ್ನಡಕ್ಕೆ ತರಲಿ. ಆಡಲು ಬಂದವರಲ್ಲಿ ನೂರಕ್ಕೆ ಒಬ್ಬನಾದರೂ, ‘ಇದು ಹೇಗೆ ನಡೆಯುವದು?’ ಎಂದು ಕೇಳಿ ಒಳಗನ್ನು ಬಿಚ್ಚಿ ನೋಡುವನು. ನಾಳೆ ಗಟ್ಟಿ ನೂಲಿನ ಸ್ವದೇಶಿ ಆಟವನ್ನು ಕಟ್ಟುವವನು ಅವನೇ. ಕೊರಿಯದ ಕಥೆಯ ಸಾರವೂ ಇಷ್ಟೇ. ಆಟವು ಪರದೇಶದ್ದಿದ್ದಿತು, ಆದರೆ ಕೋಣೆ, ತಂಡ, ಸಂಘ, ಭಾಷೆ, ಅಭಿಮಾನಗಳು ಅವರವೇ ಆಗಿದ್ದವು.

ಎರಡನೆಯ ಸ್ಟಾರ್‌ಕ್ರಾಫ್ಟಿಗೆ ಹೊಸದಾಗಿ ಮಾರುವ ಭಾಗಗಳನ್ನು ಇನ್ನು ತಯಾರಿಸುವದಿಲ್ಲವೆಂದು ಕಂಪನಿಯು 2020ರ ಅಕ್ಟೋಬರಿನಲ್ಲಿ ತಿಳಿಸಿತು. ಆದರೂ ಆಟವು ಸಾಯಲಿಲ್ಲ. 2024ರಲ್ಲಿ ರಿಯಾಧ್ ನಗರದ ವಿದ್ಯುನ್ಮಾನ ಕ್ರೀಡೆಗಳ ವಿಶ್ವಕಪ್ಪಿನಲ್ಲಿಯೂ ಅದಕ್ಕೆ ಸ್ಥಾನವಿತ್ತು. ಅದನ್ನು ಬದುಕಿಸಿರುವದು ಆಡುವವರ ಪ್ರೀತಿ. ಆದರೆ ಆ ಪ್ರೀತಿಯ ಆಯುಸ್ಸು ಸರ್ವರಿನ ಆಯುಸ್ಸಿಗೆ ಗಂಟುಬಿದ್ದಿದೆ. ಒಡೆಯನು ದೀಪ ಆರಿಸಿದ ದಿವಸ, ಅಷ್ಟು ಜನರು ಕೂಡಿ ಆಡಿದ ಆ ಕಣವು ಬಯಲಾಗುವದು.

ಅತ್ತ ಗುಡಿಯ ಕಟ್ಟೆಯ ಮೇಲಿನ ಗೆರೆಗಳು ಮಳೆಗೂ ಬಿಸಿಲಿಗೂ ಅಳಿಯದೆ ಹಾಗೆಯೇ ಇವೆ. ಕೊರೆದವನು ತೀರಿಹೋದನು, ಸಂಸ್ಥಾನಗಳು ಹೋದವು, ಸರಕಾರಗಳು ಬಂದವು, ಆಟವು ಊರಿನಲ್ಲಿಯೇ ಉಳಿಯಿತು. ನಮ್ಮ ತರುಣರು ಗಣಕಯಂತ್ರದ ಮೇಲೆ ಹೊಸ ಗೆರೆಗಳನ್ನು ಕೊರೆಯುವಾಗಲೂ ಊರಿಗೆ ಉಳಿಯುವ ಗೆರೆಗಳನ್ನೇ ಕೊರೆಯಲಿ ಎಂಬದು ನಮ್ಮ ಹಾರೈಕೆ. ಅವರಿಗೆ ಕೋಣೆಯ ಬಾಗಿಲನ್ನು ತೆರೆದುಕೊಡುವದು ಹಿರಿಯರ ಮತ್ತು ಅಧಿಕಾರಿಗಳ ಕೆಲಸ.